ಭೇಟಿಯ ಉದ್ದೇಶ

ಕಾರ್ಖಾನೆಗಳ ಗೇಟಿನಲ್ಲಿರುವ ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು, ಫೋನ್ ನಂಬರ್ ಆದಮೇಲೆ ‘ಭೇಟಿಯ ಉದ್ದೇಶ’ ಅಂತ ಒಂದು ಕಾಲಂ ಇರುತ್ತದೆ. ತಾಂಡ್ಯ ಕೈಗಾರಿಕಾ ಪ್ರದೇಶದ ಆ ಕಾರ್ಖಾನೆಗೆ ಮೊದಲ ಸಲ ಹೋದಾಗ ಸೆಕ್ಯುರಿಟಿಯವರು ಪೆನ್ನು ಹಿಡಿದು, “ಏನಂತ ಬರ್ಕೊಳ್ಳಲಿ ಮೇಡಂ?” ಅಂದರು. ಎಕ್ಸಿಕ್ಯುಟಿವ್ ಕೋಚಿಂಗ್ ಅನ್ನಬೇಕಿತ್ತು. ನಮ್ಮ ಕಡೆ ಕೋಚಿಂಗ್ ಅಂದರೆ ನೀಟ್, ಸಿಇಟಿ, ಪಿಎಸ್‌ಐ ಪರೀಕ್ಷೆ. ಅದು ಬಿಟ್ಟರೆ ಕ್ರಿಕೆಟ್ಟು. ಹಿಂದೆ ಲೋಡ್ ಲಾರಿಯೊಂದು ಹಾರನ್ ಹೊಡೆಯುತ್ತಿತ್ತು, ವಿವರಿಸುತ್ತ ನಿಲ್ಲಲು ಸಂಕೋಚವಾಯಿತು. “ಟ್ರೈನಿಂಗ್ ಅಂತ ಬರ್ಕೊಳ್ಳಿ” ಅಂದೆ.

ಆಮೇಲೆ ನಾನು ಆ ಕಾರ್ಖಾನೆಯೊಳಗೆ ಟ್ರೈನರ್ ಆದೆ, ಕನ್ಸಲ್ಟೆಂಟ್ ಆದೆ, ಬುದ್ಧಿ ಹೇಳುವ ಅಕ್ಕ ಆದೆ, ಅರೆಬರೆ ಆಪ್ತಸಮಾಲೋಚಕಿಯೂ ಆದೆ. ಕೊನೆಗೆ ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದವಳೂ ಆದೆ. ಬಿಲ್ಲಿನಲ್ಲಿ ಯಾವ ಕೆಲಸದ ಹೆಸರು ಬರೆದು, ಜಿಎಸ್‌ಟಿ ಸೇರಿಸಿ ದುಡ್ಡು ತೆಗೆದುಕೊಂಡೆನೋ ಅದೊಂದು ಮಾತ್ರ ನನ್ನಿಂದ ಆಗಲಿಲ್ಲ.

ನಾನು ಮೂಲತಃ ಎಚ್‌ಆರ್‌ನವಳು. ಮೈಸೂರಿನಿಂದ ನಂಜನಗೂಡಿನ ದಾರಿಯಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ, ಕಡಕೊಳ ಕಳೆದ ಮೇಲೆ ಎಡಬಲಕ್ಕೆ ಹರಡಿಕೊಂಡಿರುವ ಕಾರ್ಖಾನೆಗಳಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ತಾಂಡ್ಯ, ಅಡಕನಹಳ್ಳಿ, ಹಿಮ್ಮಾವು ಎಲ್ಲ ಒಂದು ಕಾಲಕ್ಕೆ ಬರೀ ಹೊಲ. ಈಗ ಅಲ್ಲಿಗೆ ಶಿಫ್ಟ್ ಬಸ್ಸುಗಳು ಬರುತ್ತವೆ. ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರ ಮುಟ್ಟಿಕೊಂಡು ಕೊಳ್ಳೇಗಾಲಕ್ಕೆ ಹೋಗುವುದರಿಂದ ಈ ಎಲ್ಲ ತಾಲ್ಲೂಕುಗಳ ಹುಡುಗರು ಒಂದೇ ಮೆಷಿನ್ ಸಾಲಿನಲ್ಲಿ ನಿಂತಿರುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡು, ನಂಜನಗೂಡು ಎಂಬ ಹೆಸರು ಕೇಳಿದರೇ ಜನ ಹಿಂದೆ ಸರಿಯುವಂತಾಗಿತ್ತು. ಆಗ ನಾನು ಮನೆಯಿಂದಲೇ ನಮ್ಮ ನೌಕರರಿಗೆ ಫೋನ್ ಮಾಡಿ ಮಾತಾಡಿಸುತ್ತಿದ್ದೆ. ಬಾಡಿಗೆ ಮನೆ ಖಾಲಿ ಮಾಡಿ ಅನ್ನಿಸಿಕೊಂಡವರು, ಸ್ವಂತ ಊರಿನವರೇ ಒಳಗೆ ಬಿಡದವರು. ಕೇಳಿಸಿಕೊಳ್ಳುವುದು ಬಿಟ್ಟು ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ. “ನೀವು ಚೆನ್ನಾಗಿ ಕೇಳಿಸ್ಕೋತೀರ ಮೇಡಂ” ಎಂದು ಕೆಲವರು ಅಂದದ್ದು ತಲೆಗೆ ಹತ್ತಿತು. ಮರುವರ್ಷ ಆನ್‌ಲೈನ್‌ನಲ್ಲಿ ಕೋಚಿಂಗ್ ಕೋರ್ಸಿಗೆ ಸೇರಿದೆ, ಆಮೇಲೆ ಕೆಲಸ ಬಿಟ್ಟೆ.

ಈ ವೃತ್ತಿಯ ವಂಶಾವಳಿ ಉದ್ದದ್ದೇನಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಟೆನಿಸ್ ತಂಡದ ನಾಯಕನಾಗಿದ್ದ ಟಿಮೊತಿ ಗಾಲ್ವೇ ಆಟ ಕಲಿಸುವಾಗ ಒಂದು ಸಂಗತಿ ಕಂಡುಕೊಂಡ: ತಾನು ತಿದ್ದುವುದನ್ನು ಕಡಿಮೆ ಮಾಡಿ, ಚೆಂಡು ಹೇಗೆ ಬರುತ್ತಿದೆ ಎಂದು ಅವರೇ ಗಮನಿಸುವಂತೆ ಮಾಡಿದರೆ ಆಟಗಾರರು ಬೇಗ ಕಲಿಯುತ್ತಾರೆ. 1974ರಲ್ಲಿ ಅದನ್ನು ಪುಸ್ತಕ ಮಾಡಿದ. ಕಾರ್ ರೇಸಿನಲ್ಲಿದ್ದ ಜಾನ್ ವಿಟ್ಮೋರ್ ಆ ವಿಚಾರವನ್ನು ಕಂಪನಿಗಳ ಕೋಣೆಗೆ ತಂದ. 1992ರಲ್ಲಿ ಅವನು ಬರೆದ ಪುಸ್ತಕ ಇವತ್ತಿಗೂ ನಮ್ಮಂಥವರ ಪಠ್ಯ. ಹಣಕಾಸು ಸಲಹೆಗಾರನಾಗಿದ್ದ ಥಾಮಸ್ ಲಿಯೊನಾರ್ಡ್ 1995ರಲ್ಲಿ ಅಮೆರಿಕದಲ್ಲಿ ಐಸಿಎಫ್ ಎಂಬ ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದ. ವೈದ್ಯರಿಗೂ ವಕೀಲರಿಗೂ ಇರುವಂಥ ಸರ್ಕಾರಿ ನೋಂದಣಿ ನಮ್ಮ ದೇಶದಲ್ಲಿ ಕೋಚ್‌ಗೆ ಇಲ್ಲ. ಯಾರು ಬೇಕಾದರೂ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಳ್ಳಬಹುದು. ಹಾಗಾಗಿ ಐಸಿಎಫ್ ಪ್ರಮಾಣಪತ್ರಕ್ಕೆ ಬೆಲೆ. ಅದರ ಮೊದಲ ಹಂತಕ್ಕೇ 60 ಗಂಟೆಯ ತರಬೇತಿ, 100 ಗಂಟೆಯ ಕೋಚಿಂಗ್ ಲೆಕ್ಕ ಒಪ್ಪಿಸಬೇಕು. ಆ ನೂರರಲ್ಲಿ ಹೆಚ್ಚಿನವು ದುಡ್ಡು ಪಡೆದು ಮಾಡಿದವೇ ಆಗಿರಬೇಕು.

ತಾಂಡ್ಯದ ಕೆಲಸ ಬಂದಾಗ ನನ್ನ ಕಣ್ಣು ಆ ಗಂಟೆಗಳ ಮೇಲಿತ್ತು. ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ವಾಹನಗಳ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆ. ಎಂಡಿ ಒಳ್ಳೆಯವರು, ಸ್ವಂತ ದುಡ್ಡು ಹಾಕಿ ಬೆಳೆಸಿದವರು. ಹೆಸರು ಬೇಡ. “ನಮ್ಮ ಪ್ಲಾಂಟ್ ಹೆಡ್ ಕೆಲಸದಲ್ಲಿ ಹುಲಿ ಮೇಡಂ. ಬಾಯಿ ಮಾತ್ರ ಸರಿ ಇಲ್ಲ. ಸೂಪರ್‌ವೈಸರ್‌ಗಳು ನಿಲ್ತಾನೇ ಇಲ್ಲ. ಒಂಚೂರು ಬುದ್ಧಿ ಹೇಳಿ” ಅಂದರು. ಇದನ್ನು ನೀವೇ ಅವರಿಗೆ ಎಂದಾದರೂ ಹೇಳಿದ್ದೀರಾ ಎಂದು ನಾನು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ಯಜಮಾನರು ತಾವೇ ಆಡಬೇಕಾದ ಕಷ್ಟದ ಮಾತೊಂದನ್ನು ದುಡ್ಡು ಕೊಟ್ಟು ಇನ್ನೊಬ್ಬರಿಂದ ಆಡಿಸುವುದಕ್ಕೆ ಕೋಚ್ ಅನ್ನು ಕರೆಯುವುದು ಎಷ್ಟು ಸಾಮಾನ್ಯ ಅನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಪ್ಲಾಂಟ್ ಹೆಡ್ ತಿ. ನರಸೀಪುರ ತಾಲ್ಲೂಕಿನ ನಾಲೆ ಬಯಲಿನ ಕಡೆಯವರು. ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಕ್ಯಾಂಟೀನಿನ ಪಕ್ಕದ ಗಾಜಿನ ಕೋಣೆಯಲ್ಲಿ ಕೂತೆವು. ಊಟಕ್ಕೆ ಹೋಗುವವರೆಲ್ಲ ನಮ್ಮನ್ನು ನೋಡಿಕೊಂಡೇ ಹೋಗುತ್ತಿದ್ದರು. ಅವರ ಮೊದಲ ಮಾತು: “ನನ್ನಲ್ಲಿ ಏನು ತಪ್ಪಿದೆ ಅಂತ ನಿಮ್ಮನ್ನ ಕಳ್ಸಿದಾರೆ?” ಅಷ್ಟು ನೇರವಾದ ಪ್ರಶ್ನೆ. ನಾನು ನಕ್ಕು, ತಪ್ಪೇನೂ ಇಲ್ಲ ಸರ್, ಇದು ನಿಮ್ಮ ಬೆಳವಣಿಗೆಗೆ ಅಂದೆ. ಅವರೂ ನಕ್ಕರು. ಇಬ್ಬರೂ ಸುಳ್ಳು ಒಪ್ಪಿಕೊಂಡು ಕೆಲಸ ಶುರು ಮಾಡಿದೆವು.

ಆಗ ಮಾರ್ಚ್ ತಿಂಗಳು. ಕಾರ್ಖಾನೆಗಳಿಗೆ ವರ್ಷಾಂತ್ಯದ ಡಿಸ್‌ಪ್ಯಾಚ್ ಒತ್ತಡ ಒಂದು ಕಡೆ. ಅದೇ ಆಸುಪಾಸಿಗೆ ನಂಜನಗೂಡಿನ ದೊಡ್ಡ ಜಾತ್ರೆ. ಶ್ರೀಕಂಠೇಶ್ವರನ ಪಂಚ ಮಹಾರಥಗಳು ಹೊರಟ ದಿನ ಈ ಸೀಮೆಯ ಯಾವ ಕಾರ್ಖಾನೆಯಲ್ಲೂ ಹಾಜರಿ ಪೂರ್ತಿ ಇರುವುದಿಲ್ಲ. ಅದನ್ನು ಬಯ್ದು ಸರಿಪಡಿಸುತ್ತೇನೆ ಅನ್ನುವವರು ಹೊರಗಿನಿಂದ ಬಂದ ಮ್ಯಾನೇಜರುಗಳು ಮಾತ್ರ. ನಮ್ಮ ಪ್ಲಾಂಟ್ ಹೆಡ್ ಬೈಗುಳದಲ್ಲಿ ಅವರನ್ನೂ ಮೀರಿಸಿದ್ದರು. “ಏನ್ಮಾಡ್ಲಿ ಮೇಡಂ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು! ಎಚ್‌ಆರ್‌ನಲ್ಲಿ ಇದ್ದಷ್ಟು ವರ್ಷವೂ ಆ ಜಾತ್ರೆಯ ರೋಸ್ಟರ್ ಬರೆದವಳು ನಾನು. ಯಾರಿಗೆ ಯಾವ ದಿನ ರಜ ಎಂದು ಮುಂಚೆಯೇ ಅವರ ಕೈಯಲ್ಲೇ ಬರೆಸಿ, ನಂಜನಗೂಡಿನವರ ಜಾಗಕ್ಕೆ ನರಸೀಪುರದ ಕಡೆಯವರನ್ನು ಹಾಕಿ, ಆ ಕಡೆಯವರಿಗೆ ಗುಂಜಾ ನರಸಿಂಹಸ್ವಾಮಿ ತೇರಿಗೆ ಬದಲಿ ರಜ ಕೊಡಿ ಅಂದೆ. ಮಾಡಿದರು. ಡಿಸ್‌ಪ್ಯಾಚ್ ತಪ್ಪಲಿಲ್ಲ. ಎಂಡಿ ಖುಷಿಯಾಗಿ ಫೋನ್ ಮಾಡಿದರು.

ಸೋಲು ಶುರುವಾದದ್ದು ಆ ಗೆಲುವಿನಿಂದ. ಅವತ್ತು ನಾನು ಮಾಡಿದ್ದು ಅಪ್ಪಟ ಕನ್ಸಲ್ಟೆಂಟ್ ಕೆಲಸ. ಅದರಲ್ಲಿ ಅವಮಾನವೇನಿಲ್ಲ, ಲೋಕಕ್ಕೆ ಕನ್ಸಲ್ಟೆಂಟ್ ಬೇಕು. ಅವನ ಬಳಿ ಉತ್ತರವಿದೆ ಎಂದೇ ಕರೆಯುತ್ತಾರೆ, ಉತ್ತರ ಬರೆದುಕೊಟ್ಟು ಅವನು ಹೋಗುತ್ತಾನೆ, ಅದು ಸರಿಯೋ ತಪ್ಪೋ ಅಳೆಯಬಹುದು. ಆದರೆ ಆ ಮನುಷ್ಯ ತನ್ನ ಕೆಳಗಿನವರ ಜತೆ ಕೂತು ಮಾತಾಡಲಾರದೆ ಬಯ್ಯುತ್ತಿದ್ದರು ಅನ್ನುವುದೇ ಮೂಲ ಸಂಗತಿ. ರೋಸ್ಟರ್ ಅವರೇ, ಅವರ ಸೂಪರ್‌ವೈಸರ್‌ಗಳ ಜತೆ ಕೂತು, ಜಗಳವಾಡಿಕೊಂಡಾದರೂ ಹುಟ್ಟಿಸಬೇಕಿತ್ತು. ನಾನು ಹೇಳಿಕೊಟ್ಟ ಉತ್ತರದಿಂದ ಅವರಿಗೆ ಆ ಮಾತುಕತೆಯ ಅಗತ್ಯವೇ ಬೀಳಲಿಲ್ಲ. ಅಲ್ಲಿಂದಾಚೆ ಪ್ರತಿಯೊಂದಕ್ಕೂ ಫೋನ್. ಓವರ್‌ಟೈಮ್ ಗಲಾಟೆಗೆ, ಗುತ್ತಿಗೆದಾರನ ತಗಾದೆಗೆ, ಒಮ್ಮೆ ಯಾರದೋ ಬೀಳ್ಕೊಡುಗೆಗೆ ಏನು ಉಡುಗೊರೆ ಎಂಬುದಕ್ಕೂ. ನನಗೆ ಹೆಮ್ಮೆಯೇ ಆಗುತ್ತಿತ್ತು. ಗಂಟೆಗಳ ಲೆಕ್ಕವೂ ಏರುತ್ತಿತ್ತು.

ಇಂಥ ಹೆಮ್ಮೆ ಎಲ್ಲಿಂದ ಬಂತೆಂದು ಯೋಚಿಸಿದರೆ ನನ್ನ ಮೊದಲ ಬಾಸ್ ನೆನಪಾಗುತ್ತಾರೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ಮೋಟಾರ್‌ಸೈಕಲ್ ತಯಾರಿಸಿದ ಐಡಿಯಲ್ ಜಾವಾದಲ್ಲಿ ಕೆಲಸ ಕಲಿತವರು. ಅದು ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮಂದಿ ಈ ಸುತ್ತಿನ ಕಾರ್ಖಾನೆಗಳಿಗೆ ಹಂಚಿಹೋದರು; ನಮ್ಮ ಕಡೆಯ ಕೈಗಾರಿಕೆಯ ಒಳಜ್ಞಾನಕ್ಕೆ ಅವರ ಋಣ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆ ಬಾಸ್ ಪ್ರಶ್ನೆ ಕೇಳುತ್ತಿರಲಿಲ್ಲ. ಟೀ ಹೊತ್ತಿನಲ್ಲಿ ಕತೆ ಹೇಳುತ್ತಿದ್ದರು: ಮುಷ್ಕರದ ದಿನ ಗೇಟಿಗೆ ಹೇಗೆ ಹೋದೆ, ಯೂನಿಯನ್ ಮುಖಂಡನ ಮನೆಯ ಮದುವೆಗೆ ಯಾಕೆ ಹೋದೆ, ಯಾವ ಕಾಗದಕ್ಕೆ ಸಹಿ ಹಾಕಬಾರದು. ಅವರು ನಡೆದ ದಾರಿಯಲ್ಲೇ ನಾನೂ ನಡೆಯುತ್ತಿದ್ದೆನಾದ್ದರಿಂದ ಅವರ ಕತೆ ನನಗೆ ಒದಗುತ್ತಿತ್ತು. ಮೆಂಟರ್ ಎಂದರೆ ಅವರು. ನಾನು ತಾಂಡ್ಯದಲ್ಲಿ ಅವರ ದನಿಯಲ್ಲೇ ಮಾತಾಡುತ್ತಿದ್ದೆ. ಆದರೆ ಪ್ರೆಸ್ ಶಾಪ್ ಒಂದನ್ನು ಒಂದು ಶಿಫ್ಟ್ ಕೂಡ ನಾನು ನಡೆಸಿದವಳಲ್ಲ. ನಾನು ನಡೆಯದ ದಾರಿಗೆ ಹಿರಿಯಳಾಗಲು ಹೊರಟಿದ್ದೆ.

ಟ್ರೈನರ್ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಠ್ಯ ಮೊದಲೇ ಸಿದ್ಧವಿರುತ್ತದೆ, ಕೂತವರು ಬದಲಾಗುತ್ತಾರೆ. ‘ಸಿಟ್ಟಿನ ನಿರ್ವಹಣೆ’ ಎಂಬ ಸ್ಲೈಡುಗಳನ್ನೂ ನಾನು ಒಂದು ಮಧ್ಯಾಹ್ನ ಪ್ಲಾಂಟ್ ಹೆಡ್‌ಗೆ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು. ಅದು ಬರೀ ತಾಳ್ಮೆ ಅಂದುಕೊಂಡೆ.

ಅವರು ನಿಜವಾದ ಮಾತು ಆಡಿದ್ದು ಮಳೆಗಾಲದ ಒಂದು ಸಂಜೆ, ಗಾಜಿನ ಕೋಣೆಯಿಂದ ಹೊರಗೆ, ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ. ನಾನು ಒಪ್ಪಂದಕ್ಕೆ ಬರುವ ಮೊದಲೇ ಕಾರ್ಖಾನೆಯಲ್ಲಿ ಒಬ್ಬ ಹುಡುಗನ ಬೆರಳುಗಳು ಪ್ರೆಸ್‌ಗೆ ಸಿಕ್ಕಿ ಹೋಗಿದ್ದವು. ಪವರ್ ಪ್ರೆಸ್‌ಗೆ ಎರಡು ಬಟನ್ ಇರುತ್ತವೆ. ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು, ಹಾಗಾದರೆ ಕೈ ಡೈ ಕೆಳಗೆ ಇರಲು ಸಾಧ್ಯವೇ ಇಲ್ಲ. ಆದರೆ ಎರಡೂ ಕೈ ಬಟನ್ ಮೇಲಿದ್ದರೆ ಪೀಸ್ ಹಾಕುವ ವೇಗ ಕಡಿಮೆ. ಹಾಗಾಗಿ ಒಂದು ಬಟನ್ ಅನ್ನು ಒತ್ತಿದ ಹಾಗೇ ಬಿಗಿದುಬಿಡುತ್ತಾರೆ. ಇದು ತಾಂಡ್ಯದ ವಿಶೇಷವಲ್ಲ. ಹರಿಯಾಣದ ಮಾನೇಸರ್, ಗುರುಗ್ರಾಮದ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ಬಗ್ಗೆ ಸೇಫ್ ಇನ್ ಇಂಡಿಯಾ ಪ್ರತಿಷ್ಠಾನ 2019ರಿಂದ ‘ಕ್ರಷ್ಡ್’ ಎಂಬ ವರದಿಗಳನ್ನೇ ಹೊರತರುತ್ತಿದೆ. “ಬಟನ್ ಬಿಗಿದಿದ್ದು ನಂಗೆ ಗೊತ್ತಿತ್ತು ಮೇಡಂ. ನೋಡೀ ನೋಡದ ಹಾಗೆ ಹೋದೆ. ಟಾರ್ಗೆಟ್ ಇತ್ತು” ಅಂದರು. ಅಲ್ಲಿಂದ ನಿದ್ದೆ ಇಲ್ಲ. ಆ ಸಾಲಿನ ಹತ್ತಿರ ಹೋದರೆ ಬೆವರುತ್ತಾರೆ. ಹೋಗಲಾರದ್ದಕ್ಕೇ ದೂರದಿಂದ ಕಿರುಚುತ್ತಾರೆ. ಹೊಸೂರಿನಲ್ಲಿ ಒಂದು ಇಂಟರ್‌ವ್ಯೂಗೆ ಹೋಗಿ ಬಂದಿದ್ದರು. ಇನ್ನೊಂದು ಪ್ರೆಸ್‌ನಲ್ಲಿ ಈಗಲೂ ಹಾಗೇ ಬಟನ್ ಬಿಗಿದಿದೆ ಎಂಬುದನ್ನೂ ಅವರು ಅದೇ ಉಸಿರಿನಲ್ಲಿ ಹೇಳಿದರು.

‘ಬಾಯಿ ಸರಿ ಇಲ್ಲ’ ಎಂಬುದರ ಹಿಂದೆ ಇದಿತ್ತು.

ಇಲ್ಲಿ ನಾನು ಮಾಡಿದ್ದನ್ನು ನಿಧಾನವಾಗಿ ಬರೆಯಬೇಕು. ಮೊದಲಿಗೆ, ನಿಮ್ಮ ತಪ್ಪಲ್ಲ ಸರ್ ಅಂದೆ. ಅವರಿಗೆ ಬೇಕಾಗಿದ್ದು ಆ ಮಾತಲ್ಲ, ಅದು ಅವರ ತಪ್ಪೂ ಹೌದು ಎಂದು ಅವರಿಗೇ ಗೊತ್ತಿತ್ತು. ಆಮೇಲೆ ಮಲಗುವ ಮುಂಚೆ ಪ್ರಾಣಾಯಾಮ ಮಾಡಿ, ಮೊಬೈಲ್ ದೂರ ಇಡಿ ಅಂದೆ. ತಿಂಗಳುಗಟ್ಟಲೆ ನಿದ್ದೆಯಿಲ್ಲದ, ಒಂದು ಮೆಷಿನ್ ಕಂಡರೆ ಬೆವರುವ ಮನುಷ್ಯನಿಗೆ! ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೇ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇವೆಲ್ಲ ನನಗೆ ಗೊತ್ತಿದ್ದವು. ಹೇಳಿದರೆ ಅವರಿಗೆ ಬೇಜಾರಾದೀತು ಎಂಬುದು ನಾನು ನನಗೇ ಕೊಟ್ಟುಕೊಂಡ ನೆಪ. ಅವರು ಅಲ್ಲಿಗೆ ಹೋದರೆ ನನ್ನ ಹತ್ತಿರ ಬರುವುದು ನಿಲ್ಲಬಹುದು ಎಂಬ ಲೆಕ್ಕ ಅದರ ಕೆಳಗಿತ್ತು.

ಈ ಗಡಿ ದಾಟುವವಳು ನಾನೊಬ್ಬಳೇ ಅಲ್ಲ. ಹಾರ್ವರ್ಡ್ ಬಿಸಿನೆಸ್ ರಿವ್ಯೂ 2009ರಲ್ಲಿ 140 ಕೋಚ್‌ಗಳನ್ನು ಕೇಳಿತ್ತು. ವೈಯಕ್ತಿಕ ಬದುಕಿನ ತೊಂದರೆಗೆಂದೇ ತಮ್ಮನ್ನು ಕರೆಸಿದ್ದರು ಅಂದವರು ಶೇ 3. ಕೊನೆಗೆ ಅಂಥ ತೊಂದರೆಯಲ್ಲಿ ಕೈಹಾಕಿದ್ದೇವೆ ಅಂದವರು ಶೇ 76. ಅದಕ್ಕೂ ಮುಂಚೆ, 2002ರಲ್ಲೇ, ಮನೋವೈದ್ಯಕೀಯ ಹಿನ್ನೆಲೆಯ ಸ್ಟೀವನ್ ಬರ್ಗ್ಲಾಸ್ ಅದೇ ಪತ್ರಿಕೆಯಲ್ಲಿ, ಮನಸ್ಸಿನ ಶಾಸ್ತ್ರ ಓದದ ಕೋಚ್‌ಗಳು ಆಳದ ತೊಂದರೆಯನ್ನು ಬರಿಯ ನಡವಳಿಕೆಯ ದೋಷವೆಂದು ತಿಳಿದು ಹಾನಿ ಮಾಡುತ್ತಾರೆ ಎಂದು ಎಚ್ಚರಿಸಿದ್ದ. ಎರಡನ್ನೂ ನಾನು ಕೋರ್ಸಿನಲ್ಲಿ ಓದಿ, ಅಡಿಗೆರೆ ಎಳೆದಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಇದು ದಡ್ಡತನ ಅನ್ನಬಹುದಿತ್ತು. ಆ ವಾರ ಎಂಡಿ ಫೋನ್ ಮಾಡಿ, “ಹೇಗಿದಾನೆ ನಮ್ಮ ಹುಲಿ?” ಅಂದರು. ಪ್ರೀತಿಯಿಂದಲೇ ಕೇಳಿದರು. ನಾನು, “ತುಂಬ ಒತ್ತಡದಲ್ಲಿದಾರೆ ಸರ್, ನಿದ್ದೆ ಇಲ್ಲ, ಹೊರಗಡೆ ಬೇರೆ ನೋಡ್ತಿದಾರೆ. ಸ್ವಲ್ಪ ನೋಡ್ಕೊಳ್ಳಿ” ಅಂದೆ. ಅವರಿಗೆ ಒಳ್ಳೆಯದಾಗಲಿ, ಎಂಡಿ ಸಂಬಳ ಹೆಚ್ಚಿಸಿಯೋ ರಜ ಕೊಟ್ಟೋ ಉಳಿಸಿಕೊಳ್ಳಲಿ ಎಂದೇ ಅಂದದ್ದು. ನಮ್ಮಲ್ಲಿ ಸಹಾಯ ಮಾಡುವುದೆಂದರೆ ಹೀಗೇ ಅಲ್ಲವೆ? ಹುಡುಗ ದಾರಿ ತಪ್ಪುತ್ತಿದ್ದರೆ ಅಪ್ಪನಿಗೆ ಹೇಳುತ್ತೇವೆ, ಸೊಸೆ ಸೊರಗಿದರೆ ತವರಿಗೆ ಸುದ್ದಿ ಮುಟ್ಟಿಸುತ್ತೇವೆ. ಅದರ ಮೇಲೆ ನನ್ನ ಎಚ್‌ಆರ್ ಅಭ್ಯಾಸ ಬೇರೆ: ಕೆಳಗಿನ ಮಾತನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ದಾಟಿಸುವುದೇ ಆ ಉದ್ಯೋಗದ ಅರ್ಧ ಭಾಗ, ಅದಕ್ಕೇ ಸಂಬಳ.

ಬಿಗಿದಿದ್ದ ಬಟನ್ ವಿಷಯ ಮಾತ್ರ ಹೇಳಲಿಲ್ಲ. ಅದು ಟೆಕ್ನಿಕಲ್, ನನಗೆ ಸೇರಿದ್ದಲ್ಲ ಅನ್ನಿಸಿತ್ತು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರಗಳಿಗೆ ರಕ್ಷಣೆ ಕಡ್ಡಾಯ ಮಾಡಿತ್ತು. ಅದನ್ನು ಎಷ್ಟೋ ಬ್ಯಾಚಿಗೆ ಪಾಠ ಮಾಡಿದವಳು ನಾನೇ. ಐಸಿಎಫ್‌ನ ನೀತಿಸಂಹಿತೆಯೂ ಹೇಳುವುದಿಷ್ಟೆ: ಕೋಚ್ ಕೇಳಿಸಿಕೊಂಡದ್ದು ಹೊರಗೆ ಹೋಗಬಾರದು, ಕಾನೂನಿಗೆ ವಿರುದ್ಧವಾದದ್ದೋ ಯಾರಿಗಾದರೂ ಅಪಾಯ ತರುವಂಥದ್ದೋ ಇದ್ದರೆ ಅದು ಬೇರೆ. ಹೊರಗೆ ಬರಲೇಬೇಕಾದ ಒಂದೇ ಒಂದು ಮಾತನ್ನು ನಾನು ನುಂಗಿಕೊಂಡೆ. ನುಂಗಬೇಕಾದ್ದನ್ನು ಹೊರಗೆ ಹಾಕಿದೆ.

ಎಂಡಿ ಸಿಟ್ಟಾಗಲಿಲ್ಲ, ವ್ಯವಹಾರಸ್ಥರು ಮಾಡುವುದನ್ನೇ ಮಾಡಿದರು. ಹೋಗುವ ಮನಸ್ಸಿನಲ್ಲಿರುವವನ ಕೈಯಲ್ಲಿ ದೊಡ್ಡ ಗ್ರಾಹಕನ ಆಡಿಟ್ ಕೊಡುವುದು ಬೇಡ ಎಂದು ಅದನ್ನು ಕೆಳಗಿನ ಮ್ಯಾನೇಜರಿಗೆ ಒಪ್ಪಿಸಿದರು. ನೌಕರಿ ಏಜೆನ್ಸಿಯೊಂದಕ್ಕೆ ಸದ್ದಿಲ್ಲದೆ ಹೇಳಿದರು. ಇಂಥ ಊರಿನಲ್ಲಿ ಸದ್ದಿಲ್ಲದೆ ಏನೂ ನಡೆಯುವುದಿಲ್ಲ. ಕೊನೆಗೊಂದು ಮೀಟಿಂಗಿನಲ್ಲಿ ತಮಾಷೆಯೆಂಬಂತೆ, “ಹೊಸೂರಿಗೆ ಯಾವಾಗಪ್ಪ ಪ್ರಯಾಣ?” ಅಂದರಂತೆ.

ಮುಂದಿನ ಸಲ ಗಾಜಿನ ಕೋಣೆಯಲ್ಲಿ ಅವರು ಕೂರಲಿಲ್ಲ. ನಿಂತೇ ಅಂದರು: “ಹೊಸೂರಿನ ವಿಷಯ ನಮ್ಮ ಮನೇವ್ರಿಗೂ ಗೊತ್ತಿಲ್ಲ. ನಿಮಗೆ ಬಿಟ್ರೆ ಇನ್ಯಾರಿಗೂ ಹೇಳಿಲ್ಲ ಮೇಡಂ.” ಒಳ್ಳೇದಕ್ಕೆ ಹೇಳಿದೆ ಅಂದೆ. “ಒಳ್ಳೇದಕ್ಕೆ” ಎಂದು ಅವರು ಒಂದು ಸಲ ತಿರುಗಿ ಅಂದು ಹೋದರು. ಹೊಸೂರಿನ ಕೆಲಸ ಸಿಗಲಿಲ್ಲ. ಅದು ಗೊತ್ತಾಗುವ ಮುಂಚೆಯೇ ರಾಜೀನಾಮೆ ಕೊಟ್ಟಿದ್ದರು. ಉಳಿದ ತಿಂಗಳ ಶುಲ್ಕ ಬೇಡವೆಂದು ಎಂಡಿಗೆ ಹೇಳಿದರೆ ಅವರು ನಕ್ಕು, “ನೀವು ಹೇಳದಿದ್ರೆ ನಾನು ಮೋಸ ಹೋಗ್ತಿದ್ದೆ, ಇಟ್ಕೊಳಿ” ಅಂದರು. ಅವರ ದೃಷ್ಟಿಯಲ್ಲಿ ನಾನು ಯಶಸ್ವಿಯಾಗಿದ್ದೆ. ಅದು ಈಗಲೂ ಚುಚ್ಚುತ್ತದೆ.

ಕೆಲವು ದಿನಗಳಾದ ಮೇಲೆ ಆ ಪ್ಲಾಂಟ್ ಹೆಡ್ ಕಡೆಯಿಂದ ಒಂದು ವಾಟ್ಸಾಪ್ ಮೆಸೇಜ್ ಬಂತು. ನಮಸ್ಕಾರವಿಲ್ಲ, ಬೈಗುಳವೂ ಇಲ್ಲ. ಬಟನ್ ಬಿಗಿದಿದ್ದ ಪ್ರೆಸ್‌ನ ನಂಬರು, ಅದರ ಕೆಳಗೆ: “ಇದನ್ನಾದ್ರೂ ಹೇಳಿ ಅವರಿಗೆ.” ಅವತ್ತೇ ಎಂಡಿಗೆ ಇ-ಮೇಲ್‌ನಲ್ಲಿ ಬರೆದೆ, ಫೋನನ್ನೂ ಮಾಡಿದೆ. ಅವರು ಮೆಷಿನ್ ನಿಲ್ಲಿಸಿ ಸರಿ ಮಾಡಿಸಿದರು, ಕರೆದುಕೊಂಡು ಹೋಗಿ ತೋರಿಸಿದರು ಕೂಡ. ಅದನ್ನು ಮೊದಲೇ ಹೇಳಿದ್ದರೆ ಅವರು ಆಗಲೂ ಮಾಡಿಸುತ್ತಿದ್ದರು. ಅಷ್ಟೇ ಅಲ್ಲ, ಅದನ್ನು ಎಂಡಿ ಮುಂದೆ ತಾನೇ ಹೇಳುವ ಧೈರ್ಯ ಆ ಮನುಷ್ಯನಿಗೆ ಬರುವಂತೆ ಜತೆಗೆ ಕೂರುವುದೇ ನನ್ನ ಕೆಲಸವಾಗಿತ್ತು. ಬೆವರಿಗೆ ವೈದ್ಯರು, ಬಟನ್‌ಗೆ ಮೆಂಟೆನೆನ್ಸ್‌ನವರು. ನಡುವೆ ಉಳಿಯುವ ಆ ಒಂದು ಮಾತಿಗೆ ಮಾತ್ರ ಕೋಚ್.

ಆಮೇಲೆ ನಾನು ಅನುಭವಿ ಕೋಚ್ ಒಬ್ಬರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವರು ಒಂದೇ ಪ್ರಶ್ನೆ ಕೇಳಿದರು: ಒಪ್ಪಂದದಲ್ಲಿ ಗೌಪ್ಯತೆಯ ಷರತ್ತು ಇತ್ತೇ? ಇತ್ತು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಇಂಗ್ಲಿಷ್ ಒಪ್ಪಂದ, ಮೂರನೇ ಪುಟ. ಮೂವರೂ ಸಹಿ ಹಾಕಿದ್ದೆವು, ಮೂವರಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಮಾತಾಡಿರಲಿಲ್ಲ. ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವವನೇ ಗಿರಾಕಿ, ಅಲ್ಲಿ ಈ ತೊಡಕಿಲ್ಲ. ತರಗತಿಯಲ್ಲಿ ಎಲ್ಲರೂ ಎಲ್ಲ ಕೇಳಿಸಿಕೊಳ್ಳುತ್ತಾರೆ. ಮನೋವೈದ್ಯರ ಬಳಿ ಹೋದವರ ಗುಟ್ಟಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಾವಲಿದೆ. ನಮ್ಮ ಕೆಲಸದಲ್ಲಿ ದುಡ್ಡು ಕೊಡುವವರು ಒಬ್ಬರು, ಒಳಗಿನದನ್ನು ಬಿಚ್ಚಿಡುವವರು ಇನ್ನೊಬ್ಬರು, ಕಾಯಲು ಕಾನೂನೂ ಇಲ್ಲ. ಕೋಚ್‌ನ ಬಾಯಿಯೊಂದೇ ಬಾಗಿಲು. ಕ್ರಿಕೆಟ್ಟಿನಲ್ಲಿ ಹಾಗಲ್ಲ: ರಾಹುಲ್ ದ್ರಾವಿಡ್ 2021ರಿಂದ 2024ರವರೆಗೆ ಭಾರತ ತಂಡದ ಕೋಚ್ ಆಗಿದ್ದಾಗ ಯಾರನ್ನು ಆಡಿಸಬೇಕು ಎಂಬ ಮಾತಿನಲ್ಲಿ ಅವರ ಪಾಲೂ ಇತ್ತು. ಆಟದಲ್ಲಿ ಅದು ಸರಿ. ಕಂಪನಿಯಲ್ಲಿ ಕೋಚ್ ಆದವಳು ಆಯ್ಕೆಯ ವಿಷಯದಲ್ಲಿ ಒಂದು ಅಕ್ಷರ ಆಡಿದರೂ ಆ ಕೋಣೆಯಲ್ಲಿ ಮತ್ತೆ ಯಾರೂ ನಿಜ ಹೇಳುವುದಿಲ್ಲ.

ಈಗ ಕೆಲಸ ಒಪ್ಪುವ ಮೊದಲು ಮೂವರೂ ಒಟ್ಟಿಗೆ ಕೂರುತ್ತೇವೆ, ಕನ್ನಡದಲ್ಲಿ. ಯಜಮಾನರು ತಮಗೆ ಬೇಕಾದ ಬದಲಾವಣೆ ಏನೆಂದು ಆ ವ್ಯಕ್ತಿಯ ಮುಖ ನೋಡಿ ಹೇಳಬೇಕು. ನಾನು ಹೇಳುತ್ತೇನೆ: ಭೇಟಿಯ ದಿನಾಂಕಗಳು ಬಿಟ್ಟು ನನ್ನಿಂದ ನಿಮಗೆ ಏನೂ ಬರುವುದಿಲ್ಲ, ಪ್ರಗತಿಯನ್ನು ಅವರೇ ಬಂದು ಹೇಳುತ್ತಾರೆ, ಜೀವಕ್ಕೆ ಅಪಾಯ ಅಥವಾ ಕಾನೂನು ಮುರಿಯುವ ಸಂಗತಿ ಇದ್ದರೆ ಮಾತ್ರ, ಅದೂ ಅವರಿಗೆ ತಿಳಿಸಿಯೇ, ನಾನು ಬಾಯಿ ತೆಗೆಯುತ್ತೇನೆ. ಕೆಲವರು ಮುಖ ನೋಡಿ ಹೇಳುವ ಹಂತದಲ್ಲೇ ತಡವರಿಸುತ್ತಾರೆ. ಒಮ್ಮೆ ಹಾಗೆ ತಡವರಿಸಿದ ಯಜಮಾನರೊಬ್ಬರು ಕೊನೆಗೂ ಹೇಳಿಬಿಟ್ಟರು, ಎದುರಿದ್ದವರು ಉತ್ತರ ಕೊಟ್ಟರು, ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಅಲ್ಲಿ ನನ್ನ ಅಗತ್ಯವೇ ಉಳಿಯಲಿಲ್ಲ. ಟೀ ಕುಡಿದು ಬಂದೆ.

ಹಿಮ್ಮಾವು ಕಡೆಯ ಇನ್ನೊಬ್ಬ ಎಂಡಿ ಈಚೆಗೆ ಕರೆಸಿದ್ದರು. ಷರತ್ತು ಕೇಳಿ, “ದುಡ್ಡು ನಂದು, ಒಳಗೆ ಏನಾಗ್ತಿದೆ ಅಂತ ನಂಗೇ ಗೊತ್ತಾಗಲ್ಲ ಅಂದ್ರೆ ಹೇಗೆ?” ಅಂದರು. ಹಾಗೇ ಸರ್ ಅಂದೆ. ನನ್ನನ್ನು ಪ್ಲಾಂಟ್ ಒಳಗೆ ಸುತ್ತಾಡಿಸಿದರು. ಪ್ರತಿ ಸಾಲಿನ ಕೊನೆಗೂ ರಿಜೆಕ್ಟ್ ಆದ ಪೀಸುಗಳು ಕ್ರೇಟ್ ತುಂಬ ಇದ್ದವು. ಎಂಎಸ್‌ಎಂಇ ಲೀನ್ ಯೋಜನೆಯಲ್ಲಿ ಕನ್ಸಲ್ಟೆಂಟ್ ಖರ್ಚಿನ ಶೇ 90ರಷ್ಟನ್ನು ಕೇಂದ್ರ ಸರ್ಕಾರವೇ ಕೊಡುತ್ತದೆ, ವಿಚಾರಿಸಿ ನೋಡಿ ಎಂದು ಹೇಳಿ ಬಂದೆ. ವಿಚಾರಿಸಿದರಂತೆ, ಒಬ್ಬರನ್ನು ಇಟ್ಟುಕೊಂಡರಂತೆ. ಆ ಕ್ರೇಟುಗಳನ್ನು ನೋಡಿದ್ದ ನನಗೆ ಅದು ಸರಿಯಾದ ಆಯ್ಕೆ ಅನ್ನಿಸಿತು.